‘ಥಿಂಗ್’ ಎಂಬ ನ್ಯಾಯಸಭೆ

ಹೆಸರು ತೋಚದ ಯಾವುದಕ್ಕೂ ಇಂಗ್ಲಿಷಿನಲ್ಲಿ ‘ಥಿಂಗ್’ ಎಂದರೆ ನಡೆಯುತ್ತದೆ. ಇಷ್ಟು ಸಡಿಲವಾದ ಈ ಪದ ಒಂದು ಕಾಲಕ್ಕೆ ಬಹಳ ಬಿಗಿಯಾದ ಅರ್ಥದ್ದು: ಸ್ವತಂತ್ರ ಗಂಡಸರು ಗೊತ್ತಾದ ದಿನ ಬಯಲಲ್ಲಿ ಕೂಡಿ ವ್ಯಾಜ್ಯ ತೀರಿಸುವ ಸಭೆ.

ಐಸ್‌ಲ್ಯಾಂಡಿನ ಸಂಸತ್ತು ಇಂದಿಗೂ ‘ಅಲ್ಥಿಂಗಿ’. 930ರಲ್ಲಿ ಥಿಂಗ್‌ವೆಲ್ಲಿರ್ ಬಯಲಲ್ಲಿ ಅದು ಶುರುವಾದಾಗ ಕಾನೂನು ಬರಹಕ್ಕೆ ಇಳಿದಿರಲಿಲ್ಲ. ಅದನ್ನು ಬಾಯಿಪಾಠ ಮಾಡಿಕೊಂಡವನೊಬ್ಬ ವರ್ಷಕ್ಕೆ ಮೂರನೇ ಒಂದು ಪಾಲಿನಂತೆ ಎಲ್ಲರೆದುರು ಒಪ್ಪಿಸಬೇಕಿತ್ತು. ಕಾನೂನು ಬದುಕಿದ್ದದ್ದೇ ಒಬ್ಬನ ನೆನಪಿನಲ್ಲಿ, ಸಾವಿರ ಜನರ ಕಿವಿಯಲ್ಲಿ! ನಾರ್ವೆಯ ಸ್ಟೂರ್ಟಿಂಗ್, ಡೆನ್ಮಾರ್ಕಿನ ಫೋಲ್ಕೆಟಿಂಗ್ ಸಂಸತ್ತುಗಳಲ್ಲೂ ಇದೇ ಪದವಿದೆ. ಸ್ಕಾಟ್ಲೆಂಡಿನ ಡಿಂಗ್‌ವಾಲ್ ಎಂಬ ಊರಿನ ಹೆಸರಿಗೂ ‘ಸಭೆಯ ಬಯಲು’ ಎಂದೇ ಅರ್ಥ.

ಇಂಗ್ಲೆಂಡಿನ ಉತ್ತರದಲ್ಲಿ ರೋಮನ್ನರು ಕಟ್ಟಿದ ಹೇಡ್ರಿಯನ್ ಗೋಡೆಯ ಬಳಿ, ಹೌಸ್‌ಸ್ಟೆಡ್ಸ್‌ನಲ್ಲಿ, 1883ರಲ್ಲಿ ಒಂದು ಶಾಸನ ಸಿಕ್ಕಿತು. ರೋಮನ್ ಸೇನೆಯಲ್ಲಿದ್ದ ಜರ್ಮಾನಿಕ್ ಸಿಪಾಯಿಗಳು ಅದನ್ನು ‘ಮಾರ್ಸ್ ಥಿಂಕ್ಸಸ್’ ದೇವರಿಗೆ ಅರ್ಪಿಸಿದ್ದರು. ಸಭೆಯನ್ನು ಕಾಯುವ ದೇವರು ಎಂದು ವಿದ್ವಾಂಸರು ಇದನ್ನು ಅರ್ಥೈಸುತ್ತಾರೆ. ಜರ್ಮನರ ಮಂಗಳವಾರ ‘ಡೀನ್ಸ್‌ಟಾಗ್’ ಆದದ್ದಕ್ಕೂ ಇವನನ್ನೇ ಕಾರಣ ಮಾಡುತ್ತಾರೆ.

ಸಭೆ ವಸ್ತುವಾದದ್ದು ಹೇಗೆ? ದನ ಕಳೆದುಕೊಂಡವನೊಬ್ಬ ‘ನನ್ನದೊಂದು ಥಿಂಗ್ ಇದೆ’ ಅಂದನೆಂದುಕೊಳ್ಳಿ. ಅವನ ಮನಸ್ಸಿನಲ್ಲಿರುವುದು ಸಭೆ. ಕೇಳಿದವನಿಗೆ ಹೊಳೆಯುವುದು ಸಭೆಯ ಮುಂದಿಡುವ ತಕರಾರು. ಎರಡೂ ಅರ್ಥ ಆ ಮಾತಿಗೆ ಒಗ್ಗುವುದರಿಂದ ಪದ ಜಾರಿದ್ದು ಯಾರ ಗಮನಕ್ಕೂ ಬರುವುದಿಲ್ಲ. ಮುಂದಿನ ತಲೆಮಾರು ಪದವನ್ನು ತಕರಾರು ಎಂದೇ ಕಲಿಯುತ್ತದೆ. ತಕರಾರಿನಿಂದ ಸಂಗತಿ, ಸಂಗತಿಯಿಂದ ಕೊನೆಗೆ ಕೈಗೆ ಸಿಗುವ ಯಾವುದೇ ವಸ್ತು. ಇದು ಆಕಸ್ಮಿಕವೂ ಅಲ್ಲ. ಲ್ಯಾಟಿನ್ನಿನ ‘ಕೌಸಾ’ಕ್ಕೆ ಮೊಕದ್ದಮೆ ಎಂಬ ಅರ್ಥವಿತ್ತು; ಅದರಿಂದ ಹುಟ್ಟಿದ ಫ್ರೆಂಚಿನ ‘ಶೋಜ್’, ಇಟಾಲಿಯನ್ನಿನ ‘ಕೋಸಾ’ ಎರಡಕ್ಕೂ ಇಂದು ವಸ್ತು ಎಂದರ್ಥ. ಜರ್ಮನಿನ ‘ಜಾಖೆ’ಯೂ ವ್ಯಾಜ್ಯದಿಂದ ವಸ್ತುವಿಗೆ ಇಳಿದ ಪದವೇ.

ಕಿವಿಗೆ ಒಂದೇ ಥರ ಕೇಳುವ ಪದಗಳನ್ನೆಲ್ಲ ಗಂಟುಹಾಕಿ ‘ಮೂಲ ಸಿಕ್ಕಿತು’ ಎನ್ನುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ‘ಥಿಂಗ್’ ಮತ್ತು ಜರ್ಮನಿನ ‘ಡಿಂಗ್’ ಒಂದೇ ಬಳ್ಳಿಯವು ಎನ್ನಲು ಹೋಲಿಕೆಯೊಂದೇ ಸಾಲದು. ಇಂಗ್ಲಿಷಿನ ‘ಥ’ ಇರುವಲ್ಲಿ ಜರ್ಮನಿನಲ್ಲಿ ‘ಡ’ ನಿಯಮದಂತೆ ಬರುತ್ತದೆ: ಮೂರಕ್ಕೆ ಥ್ರೀ, ಡ್ರೈ, ಮುಳ್ಳಿಗೆ ಥಾರ್ನ್, ಡೋರ್ನ್. ಸಾಕ್ಷಿ ಅಂದರೆ ಇದು.

ಹಳೆಯ ಅರ್ಥ ಎಲ್ಲೆಡೆ ಅಳಿದಿಲ್ಲ. ಡಚ್ಚರಲ್ಲಿ ‘ಡಿಂಗ್’ ಎಂದರೆ ವಸ್ತು, ‘ಖೆಡಿಂಗ್’ ಎಂದರೆ ಇಂದಿಗೂ ನ್ಯಾಯಾಲಯದ ದಾವೆ.