156 ಬೈಟಿನ ಲೋಗೊ, ಹದಿನಾರು ಚುಕ್ಕಿಯ ಅಕ್ಷರ

ಬೆಟಗೇರಿಯ ಒಂದು ಮೊಬೈಲ್ ರಿಪೇರಿ ಅಂಗಡಿಯ ಅಟ್ಟದ ಮೇಲೆ ಭಾನುವಾರ ನಾವು ನಾಲ್ಕೈದು ಜನ ಸೇರುತ್ತೇವೆ. ಅಲ್ಲೊಂದು ಹಳೇ ಗೇಮ್ ಬಾಯ್ ಅಡ್ವಾನ್ಸ್ ಇದೆ, ಜಪಾನಿನ ನಿಂಟೆಂಡೊ ಕಂಪನಿಯ, ಕೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರ. ಹುಬ್ಬಳ್ಳಿಯಲ್ಲಿ ಪರಿಚಯದವರೊಬ್ಬರು ಮನೆ ಖಾಲಿ ಮಾಡುವಾಗ ಕೊಟ್ಟದ್ದು. ಗಾಜಿಗೆ ಗೀರು ಬಿದ್ದಿದೆ, ಎಡಗಡೆಯ ಬಟನ್ ಎರಡು ಸಲ ಒತ್ತಬೇಕು. ಅದರ ಸ್ಕ್ರೀನಿನ ಮೇಲೆ ಕನ್ನಡ ಮೂಡಿಸುವ ಒಂದು ಪುಟ್ಟ ಲೈಬ್ರರಿ ಬರೆದಿದ್ದೇವೆ. ಇನ್ನು ಓಪನ್ ಸೋರ್ಸ್ ಮಾಡಿ, ಅಂದರೆ ಕೋಡನ್ನು ಎಲ್ಲರಿಗೂ ತೆರೆದಿಟ್ಟು, ಹೊರಗೆ ಬಿಟ್ಟುಬಿಡೋಣ ಅಂತ ಕೂತಿದ್ದಾಗ, ಎಂಜಿನಿಯರಿಂಗ್ ಮೂರನೇ ವರ್ಷದ ಹುಡುಗ ಕೇಳಿದ.

"ಸರ್, ನಮ್ಮ ಫೈಲಿನಾಗ ನಿಂಟೆಂಡೊ ಲೋಗೊ ಐತಲ್ರಿ, 156 ಬೈಟ್. ನಾಳೆ ನೋಟಿಸ್ ಬಂದ್ರ ಏನ್ ಮಾಡೂದು?"

"ಸುಮ್ನಿರಲೇ, ನಮ್ಮನ್ಯಾರ್ ಕೇಳ್ತಾರ" ಅಂತ ಅಂಗಡಿಯ ಅಣ್ಣ ನಕ್ಕ. ಆದರೆ ಹುಡುಗನ ಪ್ರಶ್ನೆ ನಗುವಂಥದ್ದಲ್ಲ. ನಾವೇ ಕೀ ಒತ್ತಿ ಬರೆದ ಪ್ರೋಗ್ರಾಮಿನೊಳಗೆ ಬೇರೆ ಕಂಪನಿಯ ಲೋಗೊ ಹೇಗೆ ಬಂದು ಕೂತಿತು? ಅದರ ಹಿಂದೆ ಮೂವತ್ತು ವರ್ಷಕ್ಕೂ ಜಾಸ್ತಿ ಹಳೆಯ ಕಥೆಯಿದೆ.

ಮೊದಲು ಲೈಬ್ರರಿ ಅಂದರೇನು ಅಂತ ಹೇಳಿಬಿಡುತ್ತೇನೆ. ಫೋನಿಗೋ ಕಂಪ್ಯೂಟರಿಗೋ ಪ್ರೋಗ್ರಾಂ ಬರೆಯುವಾಗ ನಡುವೆ ಆಪರೇಟಿಂಗ್ ಸಿಸ್ಟಂ ಇರುತ್ತದೆ, "ಇಲ್ಲೊಂದು ಗೆರೆ ಎಳಿ" ಅಂದರೆ ಎಳೆಯುತ್ತದೆ. ಗೇಮ್ ಬಾಯ್ ಅಡ್ವಾನ್ಸ್‌ನಲ್ಲಿ ಅಂಥದ್ದೇನೂ ಇಲ್ಲ. ಅದು 2001ರ ಯಂತ್ರ. ಸುಮಾರು 16.78 ಮೆಗಾಹರ್ಟ್ಸ್‌ನ ಆರ್ಮ್ ಪ್ರೊಸೆಸರ್, 240 ಅಡ್ಡ 160 ಉದ್ದದ ಸ್ಕ್ರೀನ್. ಚಿಪ್ಪಿನ ಒಂದೊಂದು ಕೆಲಸಕ್ಕೂ ಮೆಮೊರಿಯಲ್ಲಿ ಒಂದೊಂದು ವಿಳಾಸ. ಹದಿನಾರರ ಲೆಕ್ಕದಲ್ಲಿ 04000000 ಅನ್ನೋ ವಿಳಾಸಕ್ಕೆ 0403 ಅಂತ ಬರೆದರೆ ಸ್ಕ್ರೀನು ನೇರ ಚಿತ್ರ ಬಿಡಿಸುವ ಸ್ಥಿತಿಗೆ ಬರುತ್ತದೆ. ಆಮೇಲೆ 06000000ದಿಂದ ಮುಂದಕ್ಕೆ ಒಂದೊಂದು ಚುಕ್ಕಿಗೆ ಎರಡೆರಡು ಬೈಟ್ ಬಣ್ಣ ತುಂಬುತ್ತಾ ಹೋದರೆ ಚಿತ್ರ. ಒಟ್ಟು 38,400 ಚುಕ್ಕಿ. ತಪ್ಪಾದ ವಿಳಾಸಕ್ಕೆ ಬರೆದಿರೋ, ಯಾವ ದೂರೂ ಬರುವುದಿಲ್ಲ, ಸ್ಕ್ರೀನು ಸುಮ್ನೆ ಕಪ್ಪಗೆ ಕೂತಿರುತ್ತದೆ. ಈ ಅಂಕಿಗಳಿಗೆಲ್ಲ ಹೆಸರಿಟ್ಟು, ಪದೇ ಪದೇ ಬೇಕಾಗುವ ಕೆಲಸವನ್ನು ಒಮ್ಮೆ ಸರಿಯಾಗಿ ಬರೆದಿಟ್ಟರೆ ಅದೇ ಲೈಬ್ರರಿ.

ಕಂಪನಿ ಹತ್ತಿರ ಇದೆಲ್ಲ ಮೊದಲೇ ಇರುತ್ತದೆ. ಆದರೆ ಕರಾರಿಗೆ ಸಹಿ ಹಾಕಿದ ಗೇಮ್ ಕಂಪನಿಗಳಿಗೆ ಮಾತ್ರ ಸಿಗುತ್ತದೆ, ಅದರ ಬಗ್ಗೆ ಹೊರಗೆ ಬಾಯಿ ಬಿಡುವ ಹಾಗೂ ಇಲ್ಲ. ಗದಗಿನ ಅಟ್ಟದ ಮೇಲೆ ಕೂತವರಿಗೆ ಅದು ಸಿಗುವ ಮಾತೇ ಇಲ್ಲ.

ಈಗ ಲೋಗೊ. 1989ರ ಮೊದಲ ಗೇಮ್ ಬಾಯ್ ಆನ್ ಮಾಡಿದರೆ ಮೇಲಿನಿಂದ ನಿಂಟೆಂಡೊ ಹೆಸರು ನಿಧಾನಕ್ಕೆ ಇಳಿದು 'ಟಿಣ್' ಅನ್ನುತ್ತಿತ್ತು. ನೋಡುವವರಿಗೆ ಅದು ಅಲಂಕಾರ, ನಿಜದಲ್ಲಿ ಬೀಗ. ಆ ಚಿತ್ರದ 48 ಬೈಟ್ ಕ್ಯಾಸೆಟ್‌ನಲ್ಲೇ ಇರಬೇಕು. ಯಂತ್ರ ಅದನ್ನು ತನ್ನೊಳಗಿನ ಪ್ರತಿಯ ಜೊತೆ ಹೋಲಿಸಿ ನೋಡುತ್ತದೆ, ಒಂದು ಬೈಟ್ ಬೇರೆಯಾದರೂ ಅಲ್ಲೇ ನಿಂತುಬಿಡುತ್ತದೆ. ಲೆಕ್ಕಾಚಾರ ಚೆನ್ನಾಗಿದೆ. ಅನುಮತಿ ಇಲ್ಲದೆ ಗೇಮ್ ಮಾಡುವವನು ಲೋಗೊ ಹಾಕದಿದ್ದರೆ ಗೇಮ್ ಓಡುವುದಿಲ್ಲ, ಹಾಕಿದರೆ ಟ್ರೇಡ್‌ಮಾರ್ಕ್ ಕದ್ದ ಅಂತ ಕೋರ್ಟಿಗೆ ಎಳೆಯಬಹುದು. ಅಡ್ವಾನ್ಸ್‌ನಲ್ಲಿ ಅದೇ ಬೀಗ 156 ಬೈಟ್ ಆಯಿತು. ನಮ್ಮ ಹುಡುಗ ಕಂಡದ್ದು ಅದನ್ನೇ. ಪ್ರೋಗ್ರಾಂ ತಯಾರಾದ ಮೇಲೆ ಕೊನೆಗೆ ಓಡಿಸುವ ಒಂದು ಚಿಕ್ಕ ಸಾಧನ ಆ ಬೈಟುಗಳನ್ನು ತಂದು ಕೂರಿಸುತ್ತದೆ.

ಇದೇ ಥರದ ಬೀಗ ಅಮೆರಿಕದಲ್ಲಿ ಕೋರ್ಟ್ ಮೆಟ್ಟಿಲು ಹತ್ತಿತ್ತು, ಆದರೆ ಕಂಪನಿ ಸೆಗಾ. ಅವರ ಜೆನಿಸಿಸ್ ಯಂತ್ರದ ಹೊಸ ಮಾದರಿ ಗೇಮಿನೊಳಗೆ 'ಸೆಗಾ' ಅನ್ನೋ ಇಂಗ್ಲಿಷಿನ ನಾಲ್ಕು ಅಕ್ಷರ ಹುಡುಕುತ್ತಿತ್ತು. ಸಿಕ್ಕರೆ, ಈ ಗೇಮ್ ಸೆಗಾ ಕಂಪನಿಯದ್ದು ಅಥವಾ ಅದರ ಲೈಸೆನ್ಸ್ ಪಡೆದದ್ದು ಅಂತ ತಾನೇ ಸ್ಕ್ರೀನ್ ಮೇಲೆ ತೋರಿಸಿ ಆಟ ಶುರು ಮಾಡುತ್ತಿತ್ತು. ಅಕೊಲೇಡ್ ಅನ್ನೋ ಕಂಪನಿ ಸೆಗಾ ಗೇಮುಗಳನ್ನು ಬಿಚ್ಚಿ ಓದಿ, ಯಂತ್ರ ಏನು ಕೇಳುತ್ತದೆ ಅಂತ ಒಂದು ಕೈಪಿಡಿ ಮಾಡಿಕೊಂಡು, ಅದನ್ನು ನೋಡಿ ತನ್ನದೇ ಗೇಮುಗಳನ್ನು ಬರೆಯಿತು. ಬೀಗ ತೆಗೆಯಲು ಬೇಕಾದದ್ದು 20ರಿಂದ 25 ಬೈಟ್ ಕೋಡ್ ಅಷ್ಟೇ. ಕೆಳಗಿನ ಕೋರ್ಟಿನಲ್ಲಿ ಅಕೊಲೇಡ್ ಸೋತಿತು. 1992ರಲ್ಲೇ ಮೇಲ್ಮನವಿ ಕೋರ್ಟು ಅದನ್ನು ತಿರುಗಿಸಿತು. ಯಂತ್ರಕ್ಕೆ ಹೊಂದುವ ಹೊಸ ಪ್ರೋಗ್ರಾಂ ಬರೆಯಲು ಬೇರೆ ದಾರಿಯೇ ಇಲ್ಲದಿದ್ದಾಗ ಬಿಚ್ಚಿ ಓದುವುದು ನ್ಯಾಯವಾದ ಬಳಕೆ ಅಂದಿತು. ಹೆಸರು ಸ್ಕ್ರೀನ್ ಮೇಲೆ ಬಂದು ಜನರಿಗೆ ಗೊಂದಲ ಆಗಿದ್ದರೆ ಅದು ಸೆಗಾ ತಾನೇ ಮಾಡಿಕೊಂಡ ಏರ್ಪಾಡಿನಿಂದ ಅಂತಲೂ ಹೇಳಿತು. ತಾನೇ ಬಾಗಿಲಿಗೆ ತನ್ನ ಹೆಸರಿನ ಬೀಗ ಹಾಕಿ, ಕೀಲಿ ಮೇಲೆ ಹೆಸರು ಯಾಕಿದೆ ಅಂತ ಕೇಳಿದರೆ ಹೇಗೆ, ಅಲ್ವಾ?

ನಮ್ಮಲ್ಲಿ? ನಾನು ವಕೀಲನಲ್ಲ, ಓದಿಕೊಂಡದ್ದು ಹೇಳುತ್ತೇನೆ. 1957ರ ನಮ್ಮ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್‌ಗೆ 1999ರ ತಿದ್ದುಪಡಿಯಲ್ಲಿ ಒಂದೆರಡು ಸಾಲು ಸೇರಿದವು. ಕಾನೂನುಬದ್ಧವಾಗಿ ಪ್ರೋಗ್ರಾಂ ಹೊಂದಿರುವವನು, ತಾನು ಸ್ವತಂತ್ರವಾಗಿ ಬರೆದ ಪ್ರೋಗ್ರಾಂ ಅದರ ಜೊತೆ ಕೆಲಸ ಮಾಡಲು ಬೇಕಾದ ಮಾಹಿತಿ ಬೇರೆ ಕಡೆ ಸುಲಭವಾಗಿ ಸಿಗದಿದ್ದರೆ, ಅದನ್ನು ತಿಳಿಯಲು ಬೇಕಾದದ್ದು ಮಾಡಿದರೆ ಅದು ಕಾಪಿರೈಟ್ ಉಲ್ಲಂಘನೆ ಅಲ್ಲ. ಆದರೆ 2012ರಲ್ಲಿ 65ಎ ಅಂತ ಇನ್ನೊಂದು ಸೆಕ್ಷನ್ ಬಂತು. ಹಕ್ಕು ಮುರಿಯುವ ಉದ್ದೇಶದಿಂದ ತಾಂತ್ರಿಕ ಬೀಗ ಒಡೆದರೆ ಅದು ಅಪರಾಧ. ಅಂದರೆ ಉದ್ದೇಶ ಏನು ಅನ್ನೋದು ಮುಖ್ಯ. ಬೇರೆಯವರ ಗೇಮ್ ನಕಲು ಮಾಡಲು ಒಡೆಯುವುದು ಬೇರೆ, ನಮ್ಮ ಅಕ್ಷರ ಮೂಡಿಸಲು ಒಳಗೆ ಹೋಗುವುದು ಬೇರೆ.

ಈ ಎರಡೂ ಒಂದೇ ಬಾಗಿಲಿನಿಂದ ಒಳಗೆ ಹೋಗುತ್ತವೆ ಅನ್ನೋದೇ ದೊಡ್ಡ ತಲೆನೋವು. 2004ರ ಕೊನೆಗೆ ಬಂದ ನಿಂಟೆಂಡೊ ಡಿಎಸ್ ಅದಕ್ಕೆ ಒಳ್ಳೆಯ ಉದಾಹರಣೆ, ಆ ಯಂತ್ರದ ಮೇಲೆ ನನಗೆ ಸ್ವಲ್ಪ ಜಾಸ್ತಿಯೇ ಪ್ರೀತಿ. ಎರಡು ಸ್ಕ್ರೀನ್, ಕೆಳಗಿನದು ಟಚ್. ಒಳಗೂ ಎರಡು ಪ್ರೊಸೆಸರ್. 67 ಮೆಗಾಹರ್ಟ್ಸ್‌ನ ಆರ್ಮ್9 ಗೇಮ್ ನಡೆಸುತ್ತದೆ, ಅರ್ಧ ವೇಗದ ಆರ್ಮ್7 ಧ್ವನಿ, ಟಚ್, ವೈಫೈ ನೋಡಿಕೊಳ್ಳುತ್ತದೆ. ಎಕ್ಸ್ ಮತ್ತು ವೈ ಬಟನ್ ಒತ್ತಿದ್ದು ಕೂಡ ಆರ್ಮ್7ಗೆ ಮಾತ್ರ ಕಾಣುತ್ತದೆ! ಉಳಿದ ಬಟನ್ ಎರಡಕ್ಕೂ ಕಾಣುತ್ತವೆ. ಹೊಸಬನೊಬ್ಬ ಎಲ್ಲ ಬಟನ್ ಓದುವ ಕೋಡ್ ಬರೆದು, ಈ ಎರಡು ಮಾತ್ರ ಯಾಕೆ ಸತ್ತಿವೆ ಅಂತ ರಾತ್ರಿಯೆಲ್ಲ ಯಂತ್ರ ಬಿಚ್ಚಿ ಕೂರಬಹುದು. ಲೈಬ್ರರಿ ಇದ್ದರೆ ಒಂದೇ ಫಂಕ್ಷನ್. ಹಿಂದೆ ಎರಡು ಪ್ರೊಸೆಸರ್ ಒಂದಕ್ಕೊಂದು ಚೀಟಿ ಕೊಟ್ಟುಕೊಂಡದ್ದು ನಮಗೆ ಗೊತ್ತೂ ಆಗುವುದಿಲ್ಲ. ಹವ್ಯಾಸಿಗಳೇ ಕಟ್ಟಿದ ಲಿಬ್‌ಎನ್‌ಡಿಎಸ್ ಅನ್ನೋ ಲೈಬ್ರರಿ ಇದನ್ನು ಮಾಡಿತು.

ಯಂತ್ರದೊಳಗೆ ನುಗ್ಗಲು 2005ರಲ್ಲಿ ಪಾಸ್‌ಮಿ ಅನ್ನೋ ಸಾಧನ ಬಂತು. ಅಸಲಿ ಗೇಮ್ ಕಾರ್ಡ್ ಅದರ ಬೆನ್ನಿಗೆ ಸಿಕ್ಕಿಸಬೇಕು. ಯಂತ್ರ ಅಸಲಿ ಕಾರ್ಡಿನ ಜೊತೆ ಮಾತಾಡುತ್ತಿರುವಾಗ ನಡುವೆ ಕೂತ ಪಾಸ್‌ಮಿ ಒಂದೆರಡು ಮಾತು ಬದಲಿಸಿ, ಕೆಳಗೆ ಹಳೇ ಗೇಮ್ ಬಾಯ್ ಅಡ್ವಾನ್ಸ್ ಕ್ಯಾಸೆಟ್ ಹಾಕುವ ಜಾಗದಲ್ಲಿರುವ ನಮ್ಮ ಪ್ರೋಗ್ರಾಮಿಗೆ ದಾರಿ ತೋರಿಸುತ್ತದೆ. ಆಮೇಲೆ ಮೆಮೊರಿ ಕಾರ್ಡ್ ಹಾಕುವ ಫ್ಲ್ಯಾಶ್ ಕಾರ್ಡುಗಳು ಸಾಲುಸಾಲಾಗಿ ಬಂದವು. ಒಂದೊಂದರದ್ದು ಒಂದೊಂದು ರೀತಿ. ಒಂದು ಕಾರ್ಡಿಗೆ ಬರೆದ ಪ್ರೋಗ್ರಾಂ ಇನ್ನೊಂದರಲ್ಲಿ ಫೈಲ್ ಓದುತ್ತಿರಲಿಲ್ಲ. ಡಿಎಲ್‌ಡಿಐ ಅನ್ನೋ ಏರ್ಪಾಡು ಅದಕ್ಕೆ ಪರಿಹಾರ ಕೊಟ್ಟಿತು. ಪ್ರೋಗ್ರಾಮಿನಲ್ಲಿ ಒಂದು ಖಾಲಿ ಜಾಗ ಬಿಟ್ಟಿರುತ್ತಾರೆ, ಯಾವ ಕಾರ್ಡೋ ಅದರ ಡ್ರೈವರ್ ಆಮೇಲೆ ತಂದು ಅಲ್ಲಿ ಅಂಟಿಸಿದರಾಯಿತು. ಮೂಲ ಕೋಡ್ ಬೇಕಿಲ್ಲ. ನನ್ನ ಮಟ್ಟಿಗೆ ಈ ಇಡೀ ಇತಿಹಾಸದಲ್ಲಿ ಇದಕ್ಕಿಂತ ಜಾಣ ಕೆಲಸ ಇಲ್ಲ.

ಅದೇ ಕಾರ್ಡುಗಳಲ್ಲಿ ಕದ್ದ ಗೇಮುಗಳೂ ಓಡಿದವು. ಜಾಸ್ತಿ ಜನ ತಗೊಂಡದ್ದು ಅದಕ್ಕೇ, ಸುಳ್ಳು ಯಾಕೆ. 2009ರಲ್ಲಿ ಟೋಕಿಯೊ ಕೋರ್ಟು ಆರ್4 ಥರದ ಫ್ಲ್ಯಾಶ್ ಕಾರ್ಡ್ ಮಾರಾಟ ತಡೆಯಿತು. 2010ರಲ್ಲಿ ಲಂಡನ್ನಿನ ಹೈಕೋರ್ಟ್, ಸ್ವಂತ ಪ್ರೋಗ್ರಾಂ ಓಡಿಸಲೂ ಬಳಸಬಹುದು ಅನ್ನೋ ಒಂದೇ ಕಾರಣಕ್ಕೆ ಮಾರುವವರನ್ನು ಬಿಡಲಾಗದು ಅಂದಿತು. ಲೈಬ್ರರಿ ಬರೆದವರು ಆ ಕಾರ್ಡ್ ಮಾರಿದವರಲ್ಲ. ಆದರೂ ಹೆಸರು ಕೆಟ್ಟದ್ದು ಇಬ್ಬರದ್ದೂ.

ಸೋನಿ ಕಂಪನಿಯ ಕೈಯಲ್ಲಿ ಹಿಡಿಯುವ ಯಂತ್ರ ಪಿಎಸ್‌ಪಿಯ ಕಥೆ ಚಿಕ್ಕದು. ಯಂತ್ರದೊಳಗಿನ ಮೂಲ ಪ್ರೋಗ್ರಾಂ ಆದ ಫರ್ಮ್‌ವೇರ್‌ನ ಮೊದಲ 1.0 ಆವೃತ್ತಿಯಲ್ಲಿ ಕಂಪನಿಯ ಡಿಜಿಟಲ್ ಸಹಿ ಇಲ್ಲದ ಪ್ರೋಗ್ರಾಮೂ ಓಡುತ್ತಿತ್ತು, ಬೀಗ ಹಾಕೋದೇ ಮರೆತ ಹಾಗೆ. ಆಮೇಲೆ ನಿಂಟೆಂಡೊದ 3ಡಿಎಸ್‌ಗೆ ಲಿಬ್‌ಸಿಟಿಆರ್‌ಯು, ಸ್ವಿಚ್‌ಗೆ 2018ರಲ್ಲಿ ಲಿಬ್‌ಎನ್‌ಎಕ್ಸ್ ಅನ್ನೋ ಲೈಬ್ರರಿಗಳು ಬಂದವು. ಯಂತ್ರ ಬದಲಾದರೂ ದಾರಿ ಅದೇ. ಒಬ್ಬರು ಅಳೆದು ನೋಡಿ ಬರೆದಿಡುತ್ತಾರೆ, ಇನ್ನೊಬ್ಬರು ಅದನ್ನು ಓದಿ ಕೋಡ್ ಬರೆಯುತ್ತಾರೆ.

ಲೋಗೊಕ್ಕಿಂತ ದೊಡ್ಡ ಭಯ ಇರುವುದು ಇಲ್ಲೇ. ಕಂಪನಿಯ ಒಳಗಿನ ಕೋಡ್ ಆಗಾಗ ಸೋರುತ್ತದೆ. 2020ರಲ್ಲಿ ನಿಂಟೆಂಡೊದ ರಾಶಿಗಟ್ಟಲೆ ಫೈಲುಗಳು ಹೊರಬಿದ್ದವು. ಅದನ್ನು ನೋಡಿ ಲೈಬ್ರರಿ ತಿದ್ದಿದರೆ ಕೆಲಸ ಬೇಗ ಆಗುತ್ತದೆ, ಆದರೆ ಆ ಸಾಲು ನಿನ್ನದು ಅಂತ ಹೇಳಿಕೊಳ್ಳುವ ಹಕ್ಕು ಹೋಗುತ್ತದೆ. ಕದ್ದದ್ದು ಕಂಪನಿಯಿಂದಲೇ ಆಗಬೇಕೆಂದಿಲ್ಲ. 2025ರ ಏಪ್ರಿಲ್‌ನಲ್ಲಿ ನಿಂಟೆಂಡೊದ ವೀ ಯಂತ್ರದಲ್ಲಿ ಹವ್ಯಾಸಿಗಳ ಪ್ರೋಗ್ರಾಂ ಓಡಿಸುವ ಹೋಂಬ್ರೂ ಚಾನೆಲ್‌ನ ಕೋಡ್ ಭಂಡಾರಕ್ಕೆ ಬೀಗ ಬಿತ್ತು. ವೀ ಕೈಯಲ್ಲಿ ಹಿಡಿಯುವ ಯಂತ್ರ ಅಲ್ಲ ಬಿಡಿ. ಆ ಚಾನೆಲ್‌ಗೆ ಆಧಾರವಾಗಿದ್ದ ಲಿಬ್‌ಒಜಿಸಿ ಲೈಬ್ರರಿಯ ಭಾಗಗಳು ಆರ್‌ಟಿಇಎಂಎಸ್ ಅನ್ನೋ ಓಪನ್ ಸೋರ್ಸ್ ಸಿಸ್ಟಮಿನಿಂದ ಹೆಸರು ಅಳಿಸಿ ತಂದದ್ದು ಅಂತ ಆರೋಪ. ಅದರ ಸರಿ ತಪ್ಪು ಏನೇ ಇರಲಿ, ಎಲ್ಲರಿಗೂ ಬಿಟ್ಟಿ ಸಿಗುವ ಕೋಡಿಗೂ ಬರೆದವನ ಹೆಸರು ಅಂತ ಒಂದಿರುತ್ತದೆ.

ಹಾಗಾಗಿ ಲೈಸೆನ್ಸ್. ನಮ್ಮ ಹುಡುಗ ಮೊದಲು ಜಿಪಿಎಲ್ ಹಾಕಿದ್ದ, ಎಲ್ಲರೂ ಹಾಕುತ್ತಾರೆ ಅಂತ. ಇಲ್ಲಿ ಅದು ತೊಡಕು. ಇಂಥ ಯಂತ್ರದಲ್ಲಿ ಲೈಬ್ರರಿ, ಗೇಮ್, ಚಿತ್ರ ಎಲ್ಲ ಅರೆದು ಒಂದೇ ಫೈಲ್ ಆಗುತ್ತದೆ. ಲೈಬ್ರರಿ ಜಿಪಿಎಲ್ ಆದರೆ ಅದನ್ನು ಬಳಸಿ ಗೇಮ್ ಹಂಚುವವನು ತನ್ನ ಇಡೀ ಗೇಮಿನ ಕೋಡನ್ನೂ ಕೊಡಬೇಕಾಗುತ್ತದೆ. ಲಿಬ್‌ಎನ್‌ಡಿಎಸ್‌ನವರು ಝಡ್‌ಲಿಬ್ ಲೈಸೆನ್ಸ್ ಹಿಡಿದದ್ದು ಸುಮ್ನೆ ಅಲ್ಲ. ಅದರಲ್ಲಿ ಮೂರೇ ಮಾತು: ನಾನೇ ಬರೆದೆ ಅಂತ ಸುಳ್ಳು ಹೇಳಬೇಡ, ಬದಲಿಸಿದರೆ ಬದಲಿಸಿದ್ದೇನೆ ಅಂತ ಹೇಳು, ಮೂಲ ಕೋಡಿನಲ್ಲಿರುವ ಈ ಚೀಟಿ ಕೀಳಬೇಡ. ನಮ್ಮ ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲೇ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದವರಿಗೂ ಗೊತ್ತಿತ್ತು, ಎಲ್ಲರದ್ದು ಅಂತ ಒಂದು ಮಾಡಬೇಕಾದರೆ ಮೊದಲು ನಿಯಮ ಬರೆದಿಡಬೇಕು.

ಲೈಸೆನ್ಸ್ ಹಾಕಲು ಒಂದೊಂದೇ ಫೈಲ್ ತೆಗೆದು "ಇದು ಎಲ್ಲಿಂದ ಬಂತು" ಅಂತ ಕೇಳುತ್ತಾ ಹೋದೆವು. ಕೋಡ್ ಎಲ್ಲ ನಮ್ಮದೇ. ಲೋಗೊ ಕೂರಿಸುವ ಸಾಧನವನ್ನು ನಾವು ಹಂಚುವುದೇ ಇಲ್ಲ, ಬಳಸುವವರು ತಮ್ಮ ಕಡೆಯಿಂದ ಓಡಿಸಿಕೊಳ್ಳುತ್ತಾರೆ. ಹುಡುಗನ ಮುಖ ಅರಳಿತು. ಆಮೇಲೆ ಅಕ್ಷರಗಳ ಫೈಲ್ ಬಂತು.

"ಇದು ಎಲ್ಲಿಂದ?"

"ನಮ್ಮೂರ ಡಿಟಿಪಿ ಅಂಗಡಿಯ ಕಂಪ್ಯೂಟರಿನಾಗ ಇತ್ತು ಸರ್. ಅದನ್ನ ಸಣ್ಣ ಮಾಡಿ ಹಾಕೀನಿ."

ಅಂದರೆ ಯಾವುದೋ ಫಾಂಟ್. ಯಾರು ಮಾಡಿದ್ದು, ಯಾವ ಶರತ್ತಿಗೆ ಕೊಟ್ಟದ್ದು, ಅಂಗಡಿಯವನಿಗೂ ಗೊತ್ತಿಲ್ಲ. ಜಪಾನಿನ ಕಂಪನಿಗೆ ಹೆದರಿಕೊಂಡು ಕೂತಿದ್ದವರು ಸಿಕ್ಕಿಬಿದ್ದದ್ದು ಕನ್ನಡ ಅಕ್ಷರದಲ್ಲಿ. ಮುಕ್ತ ಲೈಸೆನ್ಸಿನ ನೋಟೊ ಫಾಂಟ್ ಸಣ್ಣ ಮಾಡಿ ನೋಡಿದೆವು, ಹದಿನಾರು ಚುಕ್ಕಿಗೆ ಇಳಿಸಿದರೆ 'ಘ' ಯಾವುದು 'ಫ' ಯಾವುದು ಗೊತ್ತಾಗಲಿಲ್ಲ. ಕೊನೆಗೆ ಚೌಕಳಿ ಹಾಳೆ ತಂದು ಕೈಯಲ್ಲೇ ಬಿಡಿಸಲು ಕೂತೆವು.

ಗದಗ ಅಂದರೆ ಪ್ರಿಂಟಿಂಗ್ ಪ್ರೆಸ್ಸುಗಳ ಊರು. ಅಂಗಡಿಯ ಅಣ್ಣನ ಮಾವ ಮೊದಲು ಪ್ರೆಸ್ಸಿನಲ್ಲಿ ಮೊಳೆ ಜೋಡಿಸುತ್ತಿದ್ದವರು. ನಮ್ಮ ಹಾಳೆ ನೋಡಿ ಅವರು ಕೇಳಿದ್ದು ಒಂದೇ. "ಒತ್ತಕ್ಷರಕ್ಕ ಜಾಗಾ ಎಲ್ಲಿ ಬಿಟ್ಟೀರಿ?" ಮೊದಲು ಹೇಳಿದ ನೇರ ಚಿತ್ರ ಬಿಡಿಸುವ ಸ್ಥಿತಿ ಬಿಟ್ಟರೆ, ಆ ಯಂತ್ರದ ಚಿತ್ರಗಳು ಎಂಟಕ್ಕೆ ಎಂಟು ಚುಕ್ಕಿಯ ಹಂಚುಗಳಲ್ಲಿ ಇರುತ್ತವೆ. ಇಂಗ್ಲಿಷಿಗೆ ಒಂದು ಹಂಚು ಸಾಕು. ಕನ್ನಡದ ಒಂದು ಅಕ್ಷರಕ್ಕೆ ನಾಲ್ಕು ಬೇಕು, ಕೆಳಗೆ ಒತ್ತಿಗೆ ಇನ್ನೊಂದು ಸಾಲು. ಅಂದರೆ 16 ಅಗಲ, 24 ಎತ್ತರ. ಸ್ಕ್ರೀನಿಗೆ ಸಾಲಿಗೆ 15 ಅಕ್ಷರ, ಒಟ್ಟು 6 ಸಾಲು. ಒತ್ತುಗಳನ್ನು ಬೇರೆಯಾಗಿಯೇ ಬಿಡಿಸಿ, ಬೇಕಾದಾಗ ಕೆಳಗೆ ಕೂರಿಸುವ ಹಾಗೆ ಕೋಡ್ ಮತ್ತೆ ಬರೆದೆವು. ಆರು ಭಾನುವಾರ ಹಿಡಿಯಿತು.

ಈಗ ಲೈಸೆನ್ಸ್ ಫೈಲಿನಲ್ಲಿ ಕೋಡ್ ಬರೆದವರ ಹೆಸರಿನ ಕೆಳಗೆ, ಅಕ್ಷರ ಬಿಡಿಸಿದವರು ಅಂತ ಮಾವನವರ ಹೆಸರೂ ಇದೆ. ಮುಂದಿನ ವಾರ ಬಿಡುತ್ತೇವೆ. ಗೊತ್ತಿರುವ ದೋಷಗಳು ಅಂತ ಒಂದು ಪಟ್ಟಿ ಜೊತೆಗಿದೆ. ಅದರ ಮೊದಲ ಸಾಲು: 'ರಾಷ್ಟ್ರ' ಅಂತ ಬರೆದರೆ ಎರಡನೇ ಒತ್ತು ಕೆಳಗಿನ ಸಾಲಿನ ತಲೆಕಟ್ಟಿನ ಮೇಲೆ ಹೋಗಿ ಕೂರುತ್ತದೆ.