ಯಂತ್ರ ಕೇಳುವ ಪ್ರಶ್ನೆ, ಮೊದಲೇ ಬರೆದಿಟ್ಟ ಉತ್ತರ

ಜಿಲ್ಲಾ ಕೇಂದ್ರವೊಂದರ ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದ ದಿನಗಳಲ್ಲಿ, ರಜೆ ಮುಗಿಯುವ ಹೊತ್ತಿಗೆ ಒಂದು ಕೆಲಸ ತಪ್ಪದೆ ನನ್ನ ಪಾಲಿಗೆ ಬರುತ್ತಿತ್ತು. 36 ಸಿಸ್ಟಂಗಳನ್ನೂ ಫಾರ್ಮ್ಯಾಟ್ ಮಾಡಿ ಹೊಸದಾಗಿ ಡೆಬಿಯನ್ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ (ಓಎಸ್) ಹಾಕಬೇಕು. ಇದ್ದದ್ದು ಎರಡು ಪೆನ್‌ಡ್ರೈವ್. ಒಂದು ಸಿಸ್ಟಂಗೆ ಚುಚ್ಚಿ, ಕೇಳಿದ್ದಕ್ಕೆಲ್ಲ ಉತ್ತರಿಸಿ, ಫೈಲುಗಳು ಕಾಪಿಯಾಗುವಷ್ಟರಲ್ಲಿ ಪಕ್ಕದ ಸಾಲಿನ ಇನ್ನೊಂದನ್ನು ಶುರು ಮಾಡಿ ಬಂದರೆ, ಮೊದಲನೆಯದು ಮತ್ತೊಂದು ಪ್ರಶ್ನೆ ಮುಂದಿಟ್ಟುಕೊಂಡು ನನ್ನ ದಾರಿ ಕಾಯುತ್ತಿರುತ್ತಿತ್ತು. ಭಾಷೆ ಯಾವುದು, ದೇಶ ಯಾವುದು, ಕೀಬೋರ್ಡ್ ಯಾವ ಬಗೆಯದು, ಈ ಕಂಪ್ಯೂಟರಿನ ಹೆಸರೇನು, ರೂಟ್ ಎಂಬ ಮುಖ್ಯ ಬಳಕೆದಾರನ ಪಾಸ್‌ವರ್ಡ್ ಏನು, ಡಿಸ್ಕನ್ನು ಹೇಗೆ ಭಾಗ ಮಾಡಲಿ, ಯಾವ ಯಾವ ಸಾಫ್ಟ್‌ವೇರ್ ಬೇಕು. 36 ಸಲವೂ ಅದೇ ಪ್ರಶ್ನೆ. ಉತ್ತರವೂ 36 ಸಲ ಒಂದೇ ಆಗಿರಬೇಕಿತ್ತು, ಆಗುತ್ತಿರಲಿಲ್ಲ. ಎರಡನೇ ದಿನದ ಸಂಜೆಗೆ ಕೈ ಸೋತು ಒಂದರಲ್ಲಿ ಟೈಮ್ ಝೋನ್ ಬೇರೆ, ಇನ್ನೊಂದರಲ್ಲಿ ಸಿ ಕಂಪೈಲರ್ ಇಲ್ಲ, ಮತ್ತೊಂದರ ಪಾಸ್‌ವರ್ಡಿನಲ್ಲಿ ಒಂದಕ್ಷರ ಹೆಚ್ಚು. ತಪ್ಪು ಗೊತ್ತಾಗುತ್ತಿದ್ದುದು ಪ್ರಾಕ್ಟಿಕಲ್ ಪರೀಕ್ಷೆಯ ದಿನ, ಆ ಸಿಸ್ಟಂ ಮುಂದೆ ಕೂತ ಮಕ್ಕಳ ಮುಖ ನೋಡಿದಾಗ.

ಈ ಪ್ರಶ್ನೆಗಳಿಗೆ ಒಂದೇ ಸಲ, ಒಂದೇ ಫೈಲಿನಲ್ಲಿ ಉತ್ತರ ಬರೆದಿಟ್ಟು, ಯಂತ್ರವೇ ಅದನ್ನು ಓದಿಕೊಳ್ಳುವಂತೆ ಮಾಡಬಹುದು ಎಂದು ತಿಳಿದ ದಿನ ನನಗಾದ ಸಂತೋಷ ಈಗಲೂ ನೆನಪಿದೆ. ಆಮೇಲಿನ ವರ್ಷಗಳಲ್ಲಿ ಆ ಫೈಲೇ ನನಗೆ ಹೆಚ್ಚು ಪಾಠ ಹೇಳಿತು. ಎಲ್ಲ ಪ್ರಶ್ನೆಗಳೂ ಒಂದೇ ಜಾತಿಯವಲ್ಲ ಎಂಬುದು ಅದರಲ್ಲಿ ಮುಖ್ಯವಾದದ್ದು.

ಮೊದಲು ಓಎಸ್ ಹಾಕುವುದು ಎಂದರೇನು ಎಂದು ನೋಡಬೇಕು. ಪರದೆಯ ಮೇಲೆ ನೀಲಿ ಪಟ್ಟಿ ನಿಧಾನವಾಗಿ ತುಂಬುವುದನ್ನು ನೋಡಿದವರಿಗೆ ಒಳಗೆ ಏನೋ ದೊಡ್ಡದು ನಡೆಯುತ್ತಿದೆ ಅನ್ನಿಸುತ್ತದೆ. ಡೆಬಿಯನ್‌ನಲ್ಲಿ ಡಿಬೂಟ್‌ಸ್ಟ್ರಾಪ್ ಎಂಬ ಸಣ್ಣ ಕಮಾಂಡ್ ಇದೆ. ಯಾವ ಆವೃತ್ತಿ ಬೇಕು, ಯಾವ ಫೋಲ್ಡರಿನಲ್ಲಿ ಬೇಕು ಎಂದು ಹೇಳಿದರೆ ಸಾಕು. ಅಗತ್ಯವಾದ ಪ್ಯಾಕೇಜುಗಳನ್ನು ಇಂಟರ್ನೆಟ್ಟಿನಿಂದ ಇಳಿಸಿಕೊಂಡು, ಅವನ್ನು ಬಿಚ್ಚಿ, ಆ ಫೋಲ್ಡರಿನೊಳಗೆ ಓಎಸ್‌ನ ಮೂಲ ಭಾಗವನ್ನು ಜೋಡಿಸಿಡುತ್ತದೆ. ಅದಕ್ಕಾಗಿ ಬೇರೆ ಕಂಪ್ಯೂಟರ್ ಬೇಡ, ನೀವು ಕೂತು ಕೆಲಸ ಮಾಡುತ್ತಿರುವ ಲಿನಕ್ಸ್ ಸಿಸ್ಟಂ ಸಾಕು. ಇದನ್ನು ಒಮ್ಮೆ ಮಾಡಿ ನೋಡಿದರೆ ಗುಟ್ಟು ಬಯಲಾಗುತ್ತದೆ. ಡಿಸ್ಕನ್ನು ಭಾಗ ಮಾಡು, ಫೈಲ್ ಸಿಸ್ಟಂ ಹಾಕು, ಪ್ಯಾಕೇಜು ಬಿಚ್ಚು, ಓಎಸ್‌ನ ತಿರುಳಾದ ಕರ್ನಲ್ ಮತ್ತು ಅದನ್ನು ಎಬ್ಬಿಸುವ ಬೂಟ್‌ಲೋಡರ್ ಕೂರಿಸು. ಇಷ್ಟೇ ಕೆಲಸ. ಇನ್‌ಸ್ಟಾಲರ್ ಎಂಬುದು ಇದನ್ನು ಮಾಡುತ್ತಾ, ತನಗೆ ಗೊತ್ತಿಲ್ಲದ್ದನ್ನು ನಡುನಡುವೆ ನಮ್ಮನ್ನು ಕೇಳುವ ಪ್ರೋಗ್ರಾಂ, ಅಷ್ಟೆ.

ಪ್ರತಿ ಪ್ರಶ್ನೆಗೂ ಒಳಗೆ ಒಂದು ಹೆಸರಿದೆ. ಡೆಬಿಯನ್ ಇನ್‌ಸ್ಟಾಲರ್‌ನಲ್ಲಿ ಅದರ ಜೊತೆಗೆ ಒಂದು ದರ್ಜೆಯೂ ಇದೆ: ತೀರಾ ಅಗತ್ಯ, ಮುಖ್ಯ, ಸಾಧಾರಣ, ಗೌಣ ಎಂದು ನಾಲ್ಕು. ಯಾವ ದರ್ಜೆಗಿಂತ ಕೆಳಗಿನದನ್ನು ಕೇಳಬೇಡ ಎಂದು ಆರಂಭದಲ್ಲೇ ಹೇಳಬಹುದು. ಉತ್ತರದ ಫೈಲನ್ನು ಪ್ರಿಸೀಡ್ ಎನ್ನುತ್ತಾರೆ, ಬಿತ್ತನೆಗೆ ಮೊದಲೇ ಹಾಕಿಟ್ಟ ಬೀಜ ಎಂಬ ಅರ್ಥದಲ್ಲಿ. ಅದರ ಒಂದೊಂದು ಸಾಲಿನಲ್ಲೂ ನಾಲ್ಕು ತುಂಡು: ಪ್ರಶ್ನೆ ಯಾರದು, ಅದರ ಹೆಸರೇನು, ಉತ್ತರ ಯಾವ ಬಗೆಯದು, ಉತ್ತರವೇನು. ಟೈಮ್ ಝೋನ್ ಪ್ರಶ್ನೆಗೆ ಏಷ್ಯಾ/ಕೋಲ್ಕತ್ತಾ ಎಂದು ಬರೆದರೆ ಇನ್ನು ಯಾರೂ ಭೂಪಟ ನೋಡಬೇಕಿಲ್ಲ. ಪಾಸ್‌ವರ್ಡನ್ನು ಹಾಗೇ ಬರೆಯದೆ ಅದರ ಹ್ಯಾಶ್, ಅಂದರೆ ಮೂಲಕ್ಕೆ ಮರಳಿಸಲಾಗದ ಗೂಢರೂಪ, ಬರೆಯಬೇಕು, ಏಕೆಂದರೆ ಈ ಫೈಲು ನೆಟ್‌ವರ್ಕಿನಲ್ಲಿ ಮುಚ್ಚುಮರೆಯಿಲ್ಲದೆ ಓಡಾಡುವಂಥದ್ದು. ರೆಡ್ ಹ್ಯಾಟ್ ಕುಟುಂಬದ ಲಿನಕ್ಸ್‌ಗಳಲ್ಲಿ ಇದೇ ಕೆಲಸಕ್ಕೆ ಕಿಕ್‌ಸ್ಟಾರ್ಟ್ ಇದೆ. ಅಲ್ಲಿ ನನಗೆ ಬಹಳ ಹಿಡಿಸಿದ ಏರ್ಪಾಡೊಂದಿದೆ: ನೀವು ಒಮ್ಮೆ ಕೈಯಾರೆ ಇನ್‌ಸ್ಟಾಲ್ ಮಾಡಿದರೆ, ನೀವು ಕೊಟ್ಟ ಉತ್ತರಗಳನ್ನೆಲ್ಲ ಇನ್‌ಸ್ಟಾಲರ್ ತಾನೇ ಬರೆದು ರೂಟ್ ಬಳಕೆದಾರನ ಫೋಲ್ಡರಿನಲ್ಲಿ ಇಟ್ಟು ಹೋಗುತ್ತದೆ. ಸನ್ ಕಂಪನಿಯ ಸೊಲಾರಿಸ್ ಓಎಸ್‌ಗೆ 1990ರ ದಶಕದಲ್ಲೇ ಜಂಪ್‌ಸ್ಟಾರ್ಟ್ ಇತ್ತು. ಜರ್ಮನಿಯ ಕಲೋನ್ ವಿಶ್ವವಿದ್ಯಾಲಯದಲ್ಲಿ ಥಾಮಸ್ ಲಾಂಗೆ 1999ರಲ್ಲಿ ಶುರು ಮಾಡಿದ ಎಫ್‌ಎಐ ಇಂದಿಗೂ ಬಳಕೆಯಲ್ಲಿದೆ.

ಮೊದಲ ಸಲ ಫೈಲು ಬರೆದು ಸರ್ವರಿನಲ್ಲಿಟ್ಟು ಸಿಸ್ಟಂ ಆನ್ ಮಾಡಿದೆ. ಪರದೆಯ ಮೇಲೆ ಬಂದದ್ದು ಅದೇ ಹಳೆಯ ಪ್ರಶ್ನೆ: ಭಾಷೆ ಯಾವುದು? ಆ ಪಟ್ಟಿಯಲ್ಲಿ ಕನ್ನಡವೂ ಇದೆ. ಆದರೆ ಚಿತ್ರರೂಪದ ಇನ್‌ಸ್ಟಾಲರ್‌ನಲ್ಲಿ ಮಾತ್ರ, ಏಕೆಂದರೆ ಬರೀ ಅಕ್ಷರ ತೋರಿಸುವ ಕನ್ಸೋಲಿಗೆ ನಮ್ಮ ಒತ್ತಕ್ಷರ ಜೋಡಿಸಲು ಬಾರದು. ಇರಲಿ. ಬರೆದಿಟ್ಟಿದ್ದರೂ ಏಕೆ ಕೇಳಿತು? ಉತ್ತರವಿದ್ದದ್ದು ಸರ್ವರಿನಲ್ಲಿ, ಸರ್ವರ್ ತಲುಪಲು ನೆಟ್‌ವರ್ಕ್ ಬೇಕು, ನೆಟ್‌ವರ್ಕ್ ಸಿದ್ಧವಾಗುವ ಮೊದಲೇ ಭಾಷೆಯ ಪ್ರಶ್ನೆ ಬರುತ್ತದೆ. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಅನ್ನುವ ಹಾಗೆ. ಬಿಡಿಸಿಕೊಳ್ಳಲು ಎರಡು ದಾರಿ. ಬೂಟ್ ಆಗುವಾಗ ಕರ್ನಲ್‌ಗೆ ಕೊಡುವ ಸಾಲಿನಲ್ಲಿ ಆಟೋ ಎಂಬ ಪದ ಸೇರಿಸಿದರೆ, ಭಾಷೆ ಮತ್ತು ಕೀಬೋರ್ಡಿನ ಪ್ರಶ್ನೆಗಳನ್ನು ಫೈಲು ಕೈಗೆ ಸಿಗುವವರೆಗೆ ಇನ್‌ಸ್ಟಾಲರ್ ಮುಂದೂಡುತ್ತದೆ. ಇಲ್ಲವೇ ಕರ್ನಲ್ ಜೊತೆ ಮೆಮೊರಿಗೆ ಇಳಿಯುವ ಇನಿಟ್‌ಆರ್‌ಡಿ ಎಂಬ ಪುಟ್ಟ ಗಂಟಿನೊಳಗೇ ಫೈಲನ್ನು ಕಟ್ಟಿ ಕಳಿಸಬಹುದು.

ಪೆನ್‌ಡ್ರೈವ್ ಕೂಡ ಬೇಡ ಎಂದಾದರೆ ನೆಟ್‌ವರ್ಕಿನಿಂದಲೇ ಬೂಟ್ ಮಾಡಬೇಕು. ಈ ಇಡೀ ವಿಷಯದಲ್ಲಿ ನನಗೆ ಅತ್ಯಂತ ಸುಂದರವಾಗಿ ಕಾಣುವುದು ಈ ಭಾಗ. ಖಾಲಿ ಡಿಸ್ಕಿನ ಕಂಪ್ಯೂಟರ್ ಒಂದನ್ನು ಊಹಿಸಿಕೊಳ್ಳಿ. ಅದಕ್ಕೆ ತನ್ನ ವಿಳಾಸ ಗೊತ್ತಿಲ್ಲ, ಸರ್ವರಿನ ವಿಳಾಸವೂ ಗೊತ್ತಿಲ್ಲ. ಗೊತ್ತಿರುವುದು ಒಂದೇ, ನೆಟ್‌ವರ್ಕ್ ಕಾರ್ಡಿಗೆ ತಯಾರಕರು ಕೊಟ್ಟ 48 ಬಿಟ್‌ಗಳ ಮ್ಯಾಕ್ ಸಂಖ್ಯೆ. ಕಾರ್ಡಿನ ರೋಮ್ ಎಂಬ ಅಳಿಯದ ಮೆಮೊರಿಯಲ್ಲಿ ಕೂತ ಪುಟ್ಟ ಪ್ರೋಗ್ರಾಂ ಆ ಸಂಖ್ಯೆ ಹೇಳಿಕೊಂಡು ಇಡೀ ಕೇರಿಗೇ ಕೇಳುವಂತೆ ಕೂಗುತ್ತದೆ: ನಾನು ಇಂಥವನು, ನನಗೊಂದು ವಿಳಾಸ ಕೊಡುವವರು ಯಾರಾದರೂ ಇದ್ದೀರಾ? ವಿಳಾಸ ಹಂಚುವ ಡಿಎಚ್‌ಸಿಪಿ ಸರ್ವರ್ ಓಗೊಡುತ್ತದೆ. ಇದು ನಿನ್ನ ವಿಳಾಸ, ಬೂಟ್ ಮಾಡಲು ಬೇಕಾದ ಫೈಲಿನ ಹೆಸರು ಇದು, ಅದು ಸಿಗುವ ಮನೆ ಇದು. 1985ರ ಬೂಟ್‌ಪಿ, 1993ರ ಡಿಎಚ್‌ಸಿಪಿ, ಇವೆರಡರ ಮೇಲೆ ಇಂಟೆಲ್ 1990ರ ದಶಕದ ಕೊನೆಗೆ ಕಟ್ಟಿದ ನೆಟ್‌ವರ್ಕ್ ಬೂಟ್ ಏರ್ಪಾಡು ಪಿಎಕ್ಸ್‌ಇ, ಹೀಗೆ ಒಂದರ ಹೆಗಲ ಮೇಲೆ ಒಂದು ನಿಂತು ಈ ಸಂಭಾಷಣೆ ಸಾಧ್ಯವಾಗಿದೆ.

ಫೈಲು ತರುವುದಕ್ಕೆ ಟಿಎಫ್‌ಟಿಪಿ. 1981ರಷ್ಟು ಹಿಂದೆಯೇ ಪ್ರಕಟವಾದ ಈ ವಿಧಾನ ಎಷ್ಟು ಸರಳವೆಂದರೆ, 512 ಬೈಟುಗಳ ಒಂದು ಚೂರು ಕಳಿಸುತ್ತದೆ, ಮುಟ್ಟಿತು ಎಂಬ ಉತ್ತರ ಬಂದ ಮೇಲಷ್ಟೇ ಮುಂದಿನ ಚೂರು. ಚೂರಿನ ಕ್ರಮಸಂಖ್ಯೆಗೆ 16 ಬಿಟ್ ಜಾಗ, ಹಾಗಾಗಿ ಮೂಲ ವಿಧಾನದಲ್ಲಿ 65,535ರ ಆಚೆ ಎಣಿಸುವಂತಿಲ್ಲ. ಗುಣಿಸಿ ನೋಡಿದರೆ ಸುಮಾರು 32 ಎಂಬಿಗೆ ಮುಗಿಯಿತು. ಇಷ್ಟು ಮಿತಿಯಿದ್ದರೂ ಇದು ಉಳಿದುಕೊಂಡು ಬಂದದ್ದು ಆ ಸರಳತೆಯಿಂದಲೇ, ನೆಟ್‌ವರ್ಕ್ ಕಾರ್ಡಿನ ಚಿಪ್ಪಿನೊಳಗಿನ ಇಷ್ಟೇ ಇಷ್ಟು ಜಾಗದಲ್ಲೂ ಅದು ಹಿಡಿಸುತ್ತದೆ. ಮೊದಲ ಹೆಜ್ಜೆಯನ್ನು ಟಿಎಫ್‌ಟಿಪಿ ಇಡಿಸುತ್ತದೆ, ಕರ್ನಲ್ ಎದ್ದ ಮೇಲೆ ಉಳಿದ ನೂರಾರು ಎಂಬಿ ಎಚ್‌ಟಿಟಿಪಿಯಲ್ಲಿ ಬರುತ್ತದೆ. ಅಷ್ಟೂ ಹೊತ್ತು ಇನ್‌ಸ್ಟಾಲರ್ ಓಡುವುದು ಮೆಮೊರಿಯಲ್ಲಿ. ಡಿಸ್ಕಿನ ಮೇಲೆ ಕಾಲಿಟ್ಟಿರುವುದಿಲ್ಲವಾದ್ದರಿಂದ ಅದನ್ನು ಬೇಕಾದಂತೆ ಅಗೆದು ಹದ ಮಾಡಬಹುದು.

ನನ್ನ ಲ್ಯಾಬಿನಲ್ಲಿ ಸಂಜೆ 36 ಸಿಸ್ಟಂಗಳ ಸ್ವಿಚ್ ಒತ್ತಿ ಮನೆಗೆ ಹೋದೆ. ಬೆಳಿಗ್ಗೆ ಬಂದರೆ ಎಲ್ಲವೂ ಇನ್ನೂ ಇನ್‌ಸ್ಟಾಲ್ ಆಗುತ್ತಲೇ ಇವೆ. ಕಂಪ್ಯೂಟರ್ ಎದ್ದೊಡನೆ ಮೊದಲು ಓಡುವ ಬಯೋಸ್‌ನಲ್ಲಿ ನೆಟ್‌ವರ್ಕ್ ಬೂಟನ್ನು ಮೊದಲಿಗೆ ಇಟ್ಟಿದ್ದರಿಂದ, ಕೆಲಸ ಮುಗಿದು ರೀಸ್ಟಾರ್ಟ್ ಆದಾಗಲೆಲ್ಲ ಅವು ಮತ್ತೆ ಸರ್ವರನ್ನು ಕೂಗಿ ಕರೆದು, ಮತ್ತೆ ಡಿಸ್ಕ್ ಅಳಿಸಿ, ರಾತ್ರಿಯಿಡೀ ಅದನ್ನೇ ಮಾಡುತ್ತಿದ್ದವು. ಡಿಸ್ಕನ್ನು ಮೊದಲಿಗೆ ತಂದಿಟ್ಟ ಮೇಲೆ ಸರಿಹೋಯಿತು.

ಇಷ್ಟಾದರೆ ಒಂದೇ ಉತ್ತರದ ಪ್ರಶ್ನೆಗಳ ಕಥೆ ಮುಗಿಯಿತು. ಪ್ರತಿ ಯಂತ್ರದಲ್ಲೂ ಬೇರೆಯೇ ಆಗಿರಬೇಕಾದ ಉತ್ತರಗಳೂ ಇವೆ. ಕಂಪ್ಯೂಟರಿನ ಹೆಸರು ಅಂಥದ್ದು, ಅದನ್ನು ಮ್ಯಾಕ್ ಸಂಖ್ಯೆ ನೋಡಿ ಡಿಎಚ್‌ಸಿಪಿಯಿಂದಲೇ ಕೊಡಿಸಬಹುದು. ಕಣ್ಣಿಗೆ ಬೀಳದವು ಇನ್ನೂ ಹೆಚ್ಚು ಅಪಾಯಕಾರಿ. ದೂರದಿಂದ ಲಾಗಿನ್ ಆಗಲು ಬಿಡುವ ಎಸ್‌ಎಸ್‌ಎಚ್ ಸರ್ವರ್ ತಾನು ಯಾರೆಂದು ಸಾಬೀತು ಮಾಡಲು ಇಟ್ಟುಕೊಳ್ಳುವ ಗುಟ್ಟಿನ ಕೀಲಿ ಅಂಥದ್ದು. ಒಂದು ಸಿಸ್ಟಂ ಸಿದ್ಧಮಾಡಿ ಅದರ ಡಿಸ್ಕನ್ನೇ ಎಲ್ಲದಕ್ಕೂ ಕಾಪಿ ಹೊಡೆಯುವ ವಿಧಾನ ಅನೇಕ ಕಡೆ ಇದೆ. ವೇಗ ಹೌದು. ಆದರೆ ಹಾಗೆ ಮಾಡಿದಾಗ ಕೀಲಿಯೂ ಕಾಪಿಯಾಗುತ್ತದೆ. ಒಂದು ಸಿಸ್ಟಂನ ಕೀಲಿ ಕೈಗೆ ಸಿಕ್ಕವನು ಉಳಿದ 35ರ ವೇಷವನ್ನೂ ಹಾಕಬಹುದು. ಪ್ರತಿ ಯಂತ್ರಕ್ಕೂ ಬೇರೆಯಾಗಿರಬೇಕಾದ ಗುರುತಾದ ಲಿನಕ್ಸ್‌ನ ಮಷೀನ್ ಐಡಿಯದೂ ಅದೇ ಪಾಡು. ಅದನ್ನು ಕಾಪಿ ಮಾಡಿದ ಎರಡು ಯಂತ್ರಗಳನ್ನು ಡಿಎಚ್‌ಸಿಪಿ ಸರ್ವರ್ ಒಂದೇ ಎಂದು ತಿಳಿದು ಒಂದೇ ವಿಳಾಸ ಕೊಟ್ಟು ಕೂರಿಸುವುದುಂಟು.

ಹಾಗಾದರೆ ಪ್ರತಿ ಯಂತ್ರವೂ ತನ್ನ ಕೀಲಿ ತಾನೇ ಮಾಡಿಕೊಂಡರೆ ಸಾಕೇ? 2012ರಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯ ಮತ್ತು ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಇಂಟರ್ನೆಟ್ಟನ್ನೆಲ್ಲ ಜಾಲಾಡಿ ಗುಟ್ಟಿನ ಕೀಲಿಯ ಜೋಡಿಯಾಗಿ ಎಲ್ಲರಿಗೂ ತೋರಿಸುವ ಬಹಿರಂಗ ಕೀಲಿಗಳನ್ನು ಒಟ್ಟುಹಾಕಿದರು. ಸಂಪರ್ಕವನ್ನು ಗೂಢಲಿಪಿಯಲ್ಲಿಡುವ ಟಿಎಲ್‌ಎಸ್ ಬಳಸುವ ಯಂತ್ರಗಳಲ್ಲಿ ಶೇ. 0.5ರಷ್ಟರ ಗುಟ್ಟಿನ ಆರ್‌ಎಸ್‌ಎ ಕೀಲಿಯನ್ನು ಅವರು ಲೆಕ್ಕ ಹಾಕಿಯೇ ತೆಗೆದರು. ಬಳಸಿದ್ದು ನಾವು ಶಾಲೆಯಲ್ಲಿ ಕಲಿತ ಮ.ಸಾ.ಅ. (ಮಹತ್ತಮ ಸಾಮಾನ್ಯ ಅಪವರ್ತನ)! ಬಹಿರಂಗ ಆರ್‌ಎಸ್‌ಎ ಕೀಲಿಯ ತಿರುಳು ಎಂದರೆ ಎರಡು ದೊಡ್ಡ ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧ. ಅದನ್ನು ಒಡೆದು ಮೂಲ ಸಂಖ್ಯೆಗಳನ್ನು ಹುಡುಕುವುದು ಎಂಥ ಕಂಪ್ಯೂಟರಿಗೂ ಕಷ್ಟ. ಆದರೆ ಎರಡು ಯಂತ್ರಗಳ ಕೀಲಿಯಲ್ಲಿ ಒಂದು ಅವಿಭಾಜ್ಯ ಸಂಖ್ಯೆ ಸಮಾನವಾಗಿದ್ದರೆ? 143 ಮತ್ತು 187 ತೆಗೆದುಕೊಳ್ಳಿ. 187ರಲ್ಲಿ 143 ಕಳೆದರೆ 44. 143ನ್ನು 44ರಿಂದ ಭಾಗಿಸಿದರೆ ಶೇಷ 11. 44ನ್ನು 11 ನಿಶ್ಶೇಷವಾಗಿ ಭಾಗಿಸುತ್ತದೆ. ಸಿಕ್ಕಿತು, ಸಮಾನ ಅಪವರ್ತನ 11, ಅಲ್ಲಿಂದ 13 ಮತ್ತು 17 ತಾವಾಗಿ ಬಿದ್ದವು. ಯಾವುದನ್ನೂ ಒಡೆಯಬೇಕಾಗಲಿಲ್ಲ.

ಸಮಾನ ಸಂಖ್ಯೆ ಬಂದದ್ದೇಕೆ? ಆ ಸಂಖ್ಯೆಗಳನ್ನು ಯಾರೂ ಊಹಿಸಲಾಗದಂತೆ, ಯಾದೃಚ್ಛಿಕವಾಗಿ ಆರಿಸಬೇಕು. ಕಂಪ್ಯೂಟರಿಗೆ ನಿಜವಾದ ಯಾದೃಚ್ಛಿಕತೆ ಹೊರಗಿನಿಂದ ಬರಬೇಕು. ಕೀಬೋರ್ಡ್ ಒತ್ತುವ ಗಳಿಗೆ, ಡಿಸ್ಕಿನ ಸಣ್ಣ ವಿಳಂಬ, ಇಂಥವುಗಳಿಂದ ಕರ್ನಲ್ ಅದನ್ನು ಕೂಡಿಡುತ್ತದೆ. ಸಿಕ್ಕಿಬಿದ್ದವುಗಳಲ್ಲಿ ಬಹುಪಾಲು ರೌಟರ್, ಫೈರ್‌ವಾಲ್‌ಗಳಂಥ, ಕೀಬೋರ್ಡು ಪರದೆ ಎರಡೂ ಇಲ್ಲದ ಪೆಟ್ಟಿಗೆಗಳು. ಮೊದಲ ಸಲ ಎದ್ದ ಕೂಡಲೇ, ಕಣಜ ಇನ್ನೂ ಖಾಲಿಯಿದ್ದಾಗಲೇ, ಕೀಲಿ ಮಾಡಿಕೊಂಡಿದ್ದವು. ಮನುಷ್ಯರ ಕೈ ತಪ್ಪಿಸುವುದೇ ಗುರಿಯಾಗಿದ್ದ ನನಗೆ ಇದನ್ನು ಓದಿ ಮೈ ಜುಮ್ಮೆಂದಿತು. ಆ ಕೈಯ ಅಂಕುಡೊಂಕು ವೇಗವೂ ಎಲ್ಲೋ ಉಪಯೋಗಕ್ಕೆ ಬರುತ್ತಿತ್ತು. ಕಣಜ ಮೊದಲ ಸಲ ತುಂಬುವವರೆಗೆ ಕಾದು ನಿಲ್ಲುವ ಗೆಟ್‌ರ್ಯಾಂಡಮ್ ಎಂಬ ಏರ್ಪಾಡು 2014ರಿಂದ ಲಿನಕ್ಸ್ ಕರ್ನಲ್‌ನಲ್ಲಿದೆ.

ಮೂರನೇ ಜಾತಿಯ ಪ್ರಶ್ನೆಯನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ. ನನ್ನ ಫೈಲಿನಲ್ಲಿ, ಯಾವ ಡಿಸ್ಕಿಗೆ ಹಾಕಲಿ ಎಂಬುದಕ್ಕೆ ಎಸ್‌ಡಿಎ ಎಂದು ಬರೆದಿದ್ದೆ, ಅಂದರೆ ಕರ್ನಲ್‌ಗೆ ಮೊದಲು ಕಂಡ ಡಿಸ್ಕ್. ಇದ್ದದ್ದನ್ನು ಅಳಿಸಿ ಬರೆಯಲೇ ಎಂಬ ಕೊನೆಯ ಎಚ್ಚರಿಕೆಗೂ ಹೌದು ಎಂದು ಮೊದಲೇ ಉತ್ತರ ಕೊಟ್ಟಿದ್ದೆ. ಮೂರನೇ ಸಾಲಿನ ಒಂದು ಸಿಸ್ಟಂನಲ್ಲಿ ಎರಡು ಡಿಸ್ಕ್ ಇದ್ದವು. ಎರಡನೆಯದರಲ್ಲಿ ಕೊನೆಯ ವರ್ಷದ ನಾಲ್ವರು ಹುಡುಗರ ಪ್ರಾಜೆಕ್ಟ್. ಕರ್ನಲ್ ಆ ದಿನ ಅದನ್ನೇ ಮೊದಲು ಕಂಡಿತು. ಡಿಸ್ಕುಗಳಿಗೆ ಈ ಹೆಸರು ಸಿಗುವುದು ಕಂಡ ಕ್ರಮದಲ್ಲಿ, ಆ ಕ್ರಮ ಪ್ರತಿ ಸಲ ಒಂದೇ ಇರುತ್ತದೆಂಬ ಭರವಸೆಯಿಲ್ಲ. ಯಂತ್ರ ನಾನು ಹೇಳಿದ್ದನ್ನೇ ಮಾಡಿತು. ಆರು ತಿಂಗಳ ಕೆಲಸ ಹೋಯಿತು. ಆ ಹುಡುಗರು ನನ್ನನ್ನು ಬೈಯಲಿಲ್ಲ, ನನಗೆ ಅದೇ ಹೆಚ್ಚು ನೋವಾಯಿತು.

ಸರಿಪಡಿಸಲು ನಾನು ಮಾಡಿದ್ದು ಒಂದು ಸಾಲನ್ನು ತೆಗೆದುಹಾಕಿದ್ದು, ಅಷ್ಟೇ. ಡಿಸ್ಕಿನ ಹೆಸರು ಬರೆಯದೆ ಬಿಟ್ಟರೆ ಡೆಬಿಯನ್ ಇನ್‌ಸ್ಟಾಲರ್, ಇರುವುದು ಒಂದೇ ಡಿಸ್ಕ್ ಆದರೆ ಅದನ್ನೇ ಬಳಸುತ್ತದೆ. ಎರಡಿದ್ದರೆ ನಿಂತು ಕೇಳುತ್ತದೆ. ಆ ಜಾಗದಲ್ಲಿ ಒಂದು ಟಿಪ್ಪಣಿ ಬರೆದಿಟ್ಟೆ: ಇಲ್ಲಿ ಉತ್ತರ ತುಂಬಬೇಡಿ, ಎರಡು ಡಿಸ್ಕ್ ಇದ್ದರೆ ಕೇಳಲಿ.

ಅಂದಿನಿಂದ ಉತ್ತರದ ಫೈಲಿನಲ್ಲಿ ಏನೇ ಬದಲಿಸಿದರೂ ಮೊದಲು ವಿರ್ಟ್-ಇನ್‌ಸ್ಟಾಲ್ ಕಮಾಂಡಿನಲ್ಲಿ ಪರೀಕ್ಷಿಸುತ್ತೇನೆ. ಹೆಸರು, ಮೆಮೊರಿ, ಡಿಸ್ಕಿನ ಗಾತ್ರ, ಇನ್‌ಸ್ಟಾಲರ್ ಸಿಗುವ ಜಾಗ, ಉತ್ತರದ ಫೈಲು ಇಷ್ಟನ್ನು ಒಂದು ಸಾಲಿನಲ್ಲಿ ಕೊಟ್ಟರೆ, ಅದು ನನ್ನ ಕಂಪ್ಯೂಟರಿನೊಳಗೇ ಒಂದು ಹುಸಿ ಕಂಪ್ಯೂಟರ್ ಕಟ್ಟಿ, ಫೈಲನ್ನು ಇನಿಟ್‌ಆರ್‌ಡಿಯೊಳಗೆ ಸೇರಿಸಿ, ಇನ್‌ಸ್ಟಾಲ್ ಶುರು ಮಾಡುತ್ತದೆ. ಹತ್ತು ನಿಮಿಷ, ಹಾಳಾದರೆ ಒಂದು ಫೈಲು ಅಳಿಸಿದರಾಯಿತು. ನಾನು ಪ್ರತಿ ಸಲವೂ ಎರಡು ಹುಸಿ ಡಿಸ್ಕ್ ಕೊಡುತ್ತೇನೆ, ಅದು ನಿಂತು ಕೇಳುತ್ತದೆಯೇ ಎಂದು ನೋಡಲು.

ಆ ಕಾಲೇಜು ಬಿಟ್ಟು ಕೆಲವು ವರ್ಷಗಳಾದ ಮೇಲೆ, ಲ್ಯಾಬಿಗೆ ಹೊಸದಾಗಿ ಬಂದಿದ್ದ ಹುಡುಗ ಒಂದು ಸಂಜೆ ಫೋನ್ ಮಾಡಿದ. "ಸರ್, 35 ಮುಗೀತು. ಒಂದು ಮಾತ್ರ ನಿಂತುಬಿಟ್ಟಿದೆ. ಯಾವ ಡಿಸ್ಕ್ ಅಂತ ಕೇಳ್ತಿದೆ."

"ಎಷ್ಟು ತೋರಿಸ್ತಿದೆ?"

"ಎರಡು ಸರ್."

"ಏನೂ ಒತ್ತಬೇಡಪ್ಪ. ಅದರಲ್ಲಿ ಯಾರದ್ದಾದ್ರೂ ಕೆಲಸ ಇದೆಯಾ, ಮೊದಲು ವಿಚಾರಿಸು."

"ಆಯ್ತು ಸರ್, ಕೇಳ್ಕೊಂಡು ಬರ್ತೀನಿ" ಎಂದು ಫೋನ್ ಇಟ್ಟ.