ಗಲ್ಲಾಪೆಟ್ಟಿಗೆಯ ಲೆಕ್ಕ ಕೋರ್ಟಿಗೆ ಬಂದಾಗ

ಗೆಳತಿಯೊಬ್ಬಳು ಮೊನ್ನೆ ಒಂದು ಅಫಿಡವಿಟ್ ಫಾರಂ ಹಿಡಿದು ಮನೆಗೆ ಬಂದಳು. ಗಂಡನದು ಹಾರ್ಡ್‌ವೇರ್ ಅಂಗಡಿ, ಮಗ ಐದನೇ ಕ್ಲಾಸು. ಡೈವೋರ್ಸ್ ಕೇಸು ಮುಗಿಯುವವರೆಗೆ ಮನೆಖರ್ಚಿಗೆ, ಮಗನ ಫೀಸಿಗೆ ಅಂತ ಮಧ್ಯಂತರ ಜೀವನಾಂಶ ಕೇಳಿದ್ದಾಳೆ. ಫಾರಂನಲ್ಲಿ ಗಂಡನ ಆದಾಯ ಬರೆಯುವ ಜಾಗ ಬಂದಾಗ ಪೆನ್ನು ನಿಂತಿತು. "ಹದಿಮೂರು ವರ್ಷ ಸಂಸಾರ ಮಾಡಿದೀನಿ ಕಣೇ, ಅಂಗಡಿಯಲ್ಲಿ ತಿಂಗಳಿಗೆ ಎಷ್ಟು ಉಳಿಯುತ್ತೆ ಅಂತ ಒಂದು ದಿನಾನೂ ಗೊತ್ತಾಗಲಿಲ್ಲ" ಅಂದಳು.

ಸಂಬಳದವರಾದರೆ ಪೇ ಸ್ಲಿಪ್ ಇರುತ್ತದೆ. ವ್ಯಾಪಾರದವರ ಆದಾಯ ಹಾಗಲ್ಲ, ಲೆಕ್ಕದ ಪುಸ್ತಕ ಯಾರ ಕೈಯಲ್ಲಿದೆಯೋ ಅವರಿಗಷ್ಟೇ ಗೊತ್ತು.

ಇದು ಹೊಸ ತೊಡಕೇನಲ್ಲ, ಆದರೆ ತುಂಬಾ ಕಾಲ ಬೆಳಕಿಗೇ ಬರಲಿಲ್ಲ. 1898ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜೀವನಾಂಶಕ್ಕೆ ತಿಂಗಳಿಗೆ 50 ರೂಪಾಯಿ ಮಿತಿ ಇತ್ತು. 1973ರ ಸಂಹಿತೆಯ 125ನೇ ಕಲಮು ಬಂದಾಗ ಆ ಮಿತಿ 500. ಐನೂರರ ಮೇಲೆ ಕೊಡಲು ಆಗದೇ ಇದ್ದಾಗ, ಅಂಗಡಿಯ ಆದಾಯ ಐದು ಸಾವಿರವೋ ಐವತ್ತು ಸಾವಿರವೋ ಅಂತ ಯಾಕೆ ಅಗೆಯಬೇಕು? 1955ರ ಹಿಂದೂ ವಿವಾಹ ಕಾಯ್ದೆಯ 24ನೇ ಕಲಮಿನಲ್ಲಿ ಮಿತಿ ಇರಲಿಲ್ಲ, ಆದರೆ ಅದು ಮದುವೆಯ ದಾವೆ ನಡೆಯುತ್ತಿದ್ದರೆ ಮಾತ್ರ. 125ರ ಅಡಿ ಮಧ್ಯಂತರವಾಗಿಯೂ ಹಣ ಕೊಡಿಸಬಹುದು ಅಂತ ಸುಪ್ರೀಂ ಕೋರ್ಟ್ ಹೇಳಿದ್ದೇ 1985ರಲ್ಲಿ. ಕೊನೆಗೆ 2001ರ ತಿದ್ದುಪಡಿ ಐನೂರರ ಮಿತಿಯನ್ನು ಕಿತ್ತುಹಾಕಿತು, ಮಧ್ಯಂತರ ಅರ್ಜಿಯನ್ನು ಆದಷ್ಟು 60 ದಿನದಲ್ಲಿ ಮುಗಿಸಿ ಅಂತಲೂ ಹೇಳಿತು. ನನ್ನ ಲೆಕ್ಕದಲ್ಲಿ ಈಗಿನ ಜಗಳ ಶುರುವಾಗಿದ್ದು ಅಲ್ಲಿಂದ. ಮಿತಿ ಹೋಯಿತು, ಆದಾಯ ಎಷ್ಟು ಅನ್ನೋದೇ ಕೇಸಿನ ಜೀವವಾಯಿತು.

2017ರಲ್ಲಿ ಒಂದು ಪ್ರಕರಣದಲ್ಲಿ ಗಂಡನ ನಿವ್ವಳ ಸಂಬಳದ ಶೇ. 25 ಹೆಂಡತಿಗೆ ನ್ಯಾಯವಾದ ಮೊತ್ತ ಅಂತ ಸುಪ್ರೀಂ ಕೋರ್ಟ್ ಹೇಳಿತು. ಈಗ ಕೋರ್ಟಿನ ಕಾರಿಡಾರಿನಲ್ಲಿ ಯಾರನ್ನು ಕೇಳಿದರೂ "ಇಪ್ಪತ್ತೈದು ಪರ್ಸೆಂಟ್" ಅಂತಾರೆ. ಸಂಬಳದ್ದು ಸರಿ, ಅಂಗಡಿಯವರದ್ದಾದರೆ ಯಾವುದರ ಇಪ್ಪತ್ತೈದು?

ಐಟಿ ರಿಟರ್ನ್ಸ್ ನೋಡಿದರಾಯಿತು ಅಲ್ವಾ ಅನ್ನಿಸಬಹುದು. 1961ರ ಆದಾಯ ತೆರಿಗೆ ಕಾಯ್ದೆಯ 44ಎಡಿ ಕಲಮು ಸಣ್ಣ ವ್ಯಾಪಾರಿಗಳಿಗೆ ಪುಸ್ತಕ ಬರೆಯುವ ತಲೆನೋವು ತಪ್ಪಿಸಲು ಬಂದ ಅನುಕೂಲ. ವಹಿವಾಟಿನ ಶೇ. 8ನ್ನು, ಬ್ಯಾಂಕ್ ಮೂಲಕ ಬಂದ ಹಣವಾದರೆ ಶೇ. 6ನ್ನು ಲಾಭ ಅಂತ ತೋರಿಸಿದರೆ ಸಾಕು. 50 ಲಕ್ಷ ವಹಿವಾಟಿಗೆ ಶೇ. 6 ಅಂದರೆ 3 ಲಕ್ಷ, ತಿಂಗಳಿಗೆ 25 ಸಾವಿರ. ನಿಜವಾಗಿ ಉಳಿದಿದ್ದು ಅದಕ್ಕಿಂತ ಜಾಸ್ತಿಯೂ ಇರಬಹುದು. ತೆರಿಗೆಗೆ ಅಂತ ಮಾಡಿದ ಅಂದಾಜು ಅದು, ಒಂದು ಮಗುವಿನ ಊಟ, ಫೀಸು ಅಳೆಯಲು ಮಾಡಿದ್ದಲ್ಲ. ಆದರೂ ಆಡಿಟರ್ ಸೀಲು ಹಾಕಿದ ಆ ಹಾಳೆಯ ಎದುರು ಹೆಂಡತಿಯ ಬಾಯಿಮಾತು ತೂಗುವುದಿಲ್ಲ.

ಅದರ ಮೇಲೆ ಕಾರು ಫರ್ಮಿನ ಹೆಸರಲ್ಲಿ, ಪೆಟ್ರೋಲು, ಫೋನ್ ಬಿಲ್ಲು ಅಂಗಡಿ ಖರ್ಚಿನಲ್ಲಿ, ಅಂಗಡಿಯ ಲೈಸೆನ್ಸು ಅಪ್ಪನ ಹೆಸರಲ್ಲಿ. ಅರ್ಧ ವ್ಯಾಪಾರ ಕಚ್ಚಾ ಚೀಟಿಯಲ್ಲಿ. ಇವುಗಳಲ್ಲಿ ಎಷ್ಟೋ ಮದುವೆಗೆ ಮುಂಚಿನಿಂದಲೂ ನಡೆದುಕೊಂಡು ಬಂದಿದ್ದು, ಯಾರನ್ನೋ ವಂಚಿಸೋಕೆ ಅಂತ ಶುರುವಾದದ್ದಲ್ಲ. ಇನ್ನೊಂದು ಮಗ್ಗುಲೂ ಇದೆ. ವಹಿವಾಟನ್ನೇ ಆದಾಯ ಅಂತ ಓದುವುದೂ ತಪ್ಪು. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಕರ್ನಾಟಕದ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸು ಬಂದಾಗ ಬೆಂಗಳೂರಿನ ಬೇಕರಿ, ಟೀ ಅಂಗಡಿಗಳವರು ಕಂಗಾಲಾಗಿದ್ದು ನೆನಪಿದೆ. ಖಾತೆಗೆ ಬಂದ ದುಡ್ಡೆಲ್ಲ ಅಂಗಡಿಯವನದ್ದಲ್ಲ, ಅದರಲ್ಲಿ ಸರಕಿನ ದುಡ್ಡಿದೆ, ಬಾಡಿಗೆ ಇದೆ, ಹುಡುಗರ ಕೂಲಿ ಇದೆ. ಉದ್ರಿ ಕೊಟ್ಟು ವಸೂಲಾಗದೆ ಕೂತವರೂ ಇದ್ದಾರೆ.

ಇದನ್ನು ಬಿಡಿಸಲು ದೊಡ್ಡ ಪ್ರಯತ್ನ ಆದದ್ದು 2020ರ ನವೆಂಬರ್ 4ರಂದು, ರಜನೇಶ್ ವಿರುದ್ಧ ನೇಹಾ ತೀರ್ಪಿನಲ್ಲಿ. ಆ ಹೆಣ್ಣುಮಗಳು ಮಧ್ಯಂತರ ಅರ್ಜಿ ಹಾಕಿದ್ದು 2013ರಲ್ಲಿ, ಫ್ಯಾಮಿಲಿ ಕೋರ್ಟಿನ ಆದೇಶ ಬಂದದ್ದು 2015ರಲ್ಲಿ, ಸುಪ್ರೀಂ ಕೋರ್ಟಿನಲ್ಲಿ ಮುಗಿಯುವ ಹೊತ್ತಿಗೆ ಏಳು ವರ್ಷ. 60 ದಿನದ ಕೆಲಸ! ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲ ಎಲ್ಲವನ್ನೂ ಪ್ರಮಾಣ ಮಾಡಿ ಬರೆದುಕೊಡಬೇಕು, ಎದುರಿನವರು ನಾಲ್ಕು ವಾರದೊಳಗೆ ಉತ್ತರ ಕೊಡಬೇಕು, ಅಫಿಡವಿಟ್ ಬಂದ ಮೇಲೆ ನಾಲ್ಕರಿಂದ ಆರು ತಿಂಗಳಲ್ಲಿ ತೀರ್ಮಾನವಾಗಬೇಕು, ಹಣ ಅರ್ಜಿ ಹಾಕಿದ ದಿನದಿಂದ ಲೆಕ್ಕ ಅಂತ ಕೋರ್ಟು ಹೇಳಿತು. ಸುಳ್ಳು ಬರೆದರೆ ಕ್ರಮದ ಮಾತೂ ಇದೆ. ಪುಸ್ತಕ ಇಟ್ಟವರೇ ಪುಸ್ತಕ ತೆರೆಯಲಿ ಅನ್ನೋದು ನ್ಯಾಯವೇ. 2022ರಲ್ಲಿ, ವ್ಯಾಪಾರ ಮುಚ್ಚಿಹೋಗಿದೆ ಅಂದ ಗಂಡನೊಬ್ಬನ ಕೇಸಿನಲ್ಲಿ ಅದೇ ಕೋರ್ಟು, ಮೈಯಲ್ಲಿ ಶಕ್ತಿ ಇರುವವನು ದುಡಿದಾದರೂ ಸಾಕಬೇಕು ಅಂತ ಹೇಳಿ ಫ್ಯಾಮಿಲಿ ಕೋರ್ಟು ಮಗನಿಗೆ ಕೊಡಿಸಿದ್ದ 6 ಸಾವಿರದ ಜೊತೆಗೆ ಹೆಂಡತಿಗೂ ತಿಂಗಳಿಗೆ 10 ಸಾವಿರ ಕೊಡಿಸಿತು.

ಆದರೆ ಕಾಗದದ ಮೇಲಿರೋದು ಕೆಳಗಿನ ಕೋರ್ಟುಗಳಿಗೆ ಇಳಿಯೋದು ನಿಧಾನ. 2020ರ ನಿರ್ದೇಶನ ಪಾಲನೆಯಾಗುತ್ತಿಲ್ಲ ಅಂತ 2023ರ ನವೆಂಬರ್‌ನಲ್ಲಿ ಆ ತೀರ್ಪನ್ನು ಮತ್ತೆ ಎಲ್ಲ ಕಡೆ ಕಳಿಸಬೇಕಾಯಿತು. 2024ರ ಜುಲೈ 1ರಿಂದ 125ನೇ ಕಲಮು, ದಂಡ ಪ್ರಕ್ರಿಯಾ ಸಂಹಿತೆಯ ಬದಲು ಬಂದ ನಾಗರಿಕ ಸುರಕ್ಷಾ ಸಂಹಿತೆಯ 144 ಆಗಿದೆ. 60 ದಿನದ ಸಾಲು ಅಲ್ಲೂ ಇದೆ.

ಗೆಳತಿಯ ಲಾಯರ್ ಬುದ್ಧಿವಂತೆ. "ರಿಟರ್ನ್ಸ್ ಬಿಡಿ, ನಿಮ್ಮಲ್ಲಿ ಮನೆ ಸಾಲದ ಅರ್ಜಿಯ ಜೆರಾಕ್ಸ್ ಇದೆಯಾ?" ಅಂತ ಕೇಳಿದ್ದರಂತೆ. ಸಾಲ ಕೇಳುವಾಗ ಯಾರೂ ಆದಾಯ ಕಮ್ಮಿ ಬರೆಯೋದಿಲ್ಲ ನೋಡಿ. ಗಾಡ್ರೇಜ್ ಬೀರುವಿನ ಹಳೇ ಫೈಲಿನಲ್ಲಿ ಅದು ಸಿಕ್ಕಿತು, ಜೊತೆಗೆ ಮಗನ ಸ್ಕೂಲಿನ ಅಡ್ಮಿಷನ್ ಫಾರಂ. ಎರಡರಲ್ಲೂ ಗಂಡನದೇ ಕೈಬರಹ, ಅವನದೇ ಸಹಿ, ರಿಟರ್ನ್ಸ್‌ನಲ್ಲಿ ತೋರಿಸಿದ್ದರ ಮೂರು ಪಟ್ಟು ಆದಾಯ. ಆ ಅಂಕಿಯನ್ನೇ ಅವಳು ಫಾರಂನಲ್ಲಿ ನಿಧಾನವಾಗಿ ಬರೆದಳು. ಮುಂದಿನ ವಾಯಿದೆಗೆ ಇನ್ನೂ ಐದು ವಾರ ಇದೆ, ಸ್ಕೂಲ್ ಫೀಸಿನ ಕಡೇ ದಿನ ಹತ್ತನೇ ತಾರೀಕು.